ಧೂಳಿನ ತೂಕ, ಕಿಣ್ವದ ಕಸುವು

ಚೆನ್ನೈ ನಗರದ ಉತ್ತರ ತುದಿಯಲ್ಲಿ ಬಂಗಾಳ ಕೊಲ್ಲಿಯ ಅಂಚಿಗೇ ಒತ್ತಿಕೊಂಡು ನಿಂತಿರುವ ತಿರುವೊಟ್ಟಿಯೂರು ಕನ್ನಡಿಗನಿಗೆ ಪೂರ್ತಿ ಅಪರಿಚಿತವಾದ ಊರೇನೂ ಅಲ್ಲ. ೯೪೯ರಲ್ಲಿ ತಕ್ಕೋಲದ ಕದನದಲ್ಲಿ ಚೋಳರನ್ನು ಮುರಿದ ರಾಷ್ಟ್ರಕೂಟ ಮೂರನೆಯ ಕೃಷ್ಣನು ಅಲ್ಲಿಯ ಶಿವಾಲಯದ ಶಾಸನಗಳಲ್ಲಿ ಕನ್ನರದೇವನೆಂಬ ಹೆಸರಿನಿಂದ ಕಾಣಿಸಿಕೊಳ್ಳುವನು. ಆ ಕದನದಲ್ಲಿ ತನ್ನ ಒಡೆಯನಾದ ರಾಜಾದಿತ್ಯನೊಡನೆ ಮಡಿಯುವ ಭಾಗ್ಯ ತನಗೆ ಒದಗಲಿಲ್ಲವೆಂದು ಪರಿತಪಿಸಿ ಲೋಕವನ್ನು ತೊರೆದ ಕೇರಳದ ಸೇನಾನಿಯೊಬ್ಬನು ಈ ಊರಿನ ಮಠವನ್ನು ಸೇರಿ, ನಿರಂಜನ ಗುರುವಿನ ಶಿಷ್ಯನಾಗಿ, ಚತುರಾನನ ಪಂಡಿತನೆಂಬ ಹೆಸರನ್ನು ತಳೆದು ಬಾಳಿದ ವೃತ್ತಾಂತವು ಕನ್ನರದೇವನ ಆಳ್ವಿಕೆಯ ಇಪ್ಪತ್ತನೆಯ ವರ್ಷದ ಶಾಸನದಲ್ಲಿ ನಿರೂಪಿತವಾಗಿದೆ. ಶಾಂತಿಯನ್ನೂ ಶುಭ್ರವಾದ ಕಡಲಗಾಳಿಯನ್ನೂ ಅರಸಿಕೊಂಡು ಈಗ ಆ ಊರಿಗೆ ಹೋಗುವ ವಿರಕ್ತರು ಇದ್ದಾರೆಂದು ನಾನು ನಂಬಲಾರೆ.

ಏಕೆಂದರೆ ಕಳೆದ ಮುಕ್ಕಾಲು ಶತಮಾನದಲ್ಲಿ ಈ ಕರಾವಳಿಯು ದಹನಕ್ರಿಯೆಯ ಒಂದು ಮಹಾಕ್ಷೇತ್ರವಾಗಿ ಮಾರ್ಪಟ್ಟಿದೆ. ಬೆಂಕಿಪೆಟ್ಟಿಗೆಯ ವಿಮ್ಕೊ ಕಾರ್ಖಾನೆಯು ತನ್ನ ಹೆಸರನ್ನು ಒಂದು ಬಡಾವಣೆಗೂ ಈಚೆಗೆ ಒಂದು ಮೆಟ್ರೋ ನಿಲ್ದಾಣಕ್ಕೂ ಬಿಟ್ಟಿದೆ. ಎನ್‌ಫೀಲ್ಡ್ ಮೋಟಾರು ಸೈಕಲ್ಲು ೧೯೫೫ರ ಸುಮಾರಿನಿಂದ ಇಲ್ಲಿಯೇ ರೂಪುಗೊಂಡಿತು. ಪಶ್ಚಿಮಕ್ಕಿರುವ ಮಣಲಿಯಲ್ಲಿ ೧೯೬೯ರಲ್ಲಿ ತೈಲ ಶುದ್ಧೀಕರಣಾಗಾರವು ಚಾಲನೆಗೊಂಡು, ಅದರ ಸುತ್ತ ಪೆಟ್ರೊರಾಸಾಯನಿಕಗಳ ಮತ್ತು ರಸಗೊಬ್ಬರದ ಕಾರ್ಖಾನೆಗಳು ಬೆಳೆದುವು. ಉತ್ತರಕ್ಕಿರುವ ಎಣ್ಣೂರಿನಲ್ಲಿ ೧೯೭೦ರ ಸುಮಾರಿಗೆ ಹೊತ್ತಿದ ಕಲ್ಲಿದ್ದಲಿನ ವಿದ್ಯುದಾಗಾರವು ೨೦೧೭ರಲ್ಲಿ ಆರಿತಾದರೂ, ಅದಕ್ಕಿಂತ ದೊಡ್ಡವಾದ ಬೇರೆ ಒಲೆಗಳು ಅಷ್ಟರೊಳಗೆ ಆ ನೆರೆಯಲ್ಲಿಯೇ ಹೊತ್ತಿದ್ದುವು. ಇವುಗಳ ಜೊತೆಗೆ ಎರಡು ಬಂದರುಗಳ ನಡುವೆ ಹರಿದಾಡುವ, ಎಷ್ಟೋ ವೇಳೆ ಹರಿದಾಡದೆ ಎಂಜಿನ್ನು ಗುಡುಗಿಸುತ್ತ ಸಾಲುಗಟ್ಟಿ ನಿಲ್ಲುವ ಕಂಟೇನರ್ ಲಾರಿಗಳ ಡೀಸೆಲ್ ಹೊಗೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಪಡುವಣ ಗಾಳಿಯು ಮಣಲಿಯ ಹೊಗೆಯನ್ನು ತಿರುವೊಟ್ಟಿಯೂರಿನ ಮೇಲೆ ಹಾಯಿಸಿ ಕಡಲಿಗೆ ಒಯ್ಯುವುದು. ಈಶಾನ್ಯ ಮಾರುತ ಬಂದಾಗ ಎಣ್ಣೂರಿನ ಸರದಿ. ೨೦೦೯ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ ಕೈಗಾರಿಕಾ ಪ್ರದೇಶಗಳನ್ನು ಒಂದೊಂದಾಗಿ ತೂಗಿ ನೋಡಿದಾಗ ಮಣಲಿಗೆ ನೂರಕ್ಕೆ ೭೬.೩೨ ಅಂಕಗಳು ದೊರೆತುವು. ಎಪ್ಪತ್ತನ್ನು ದಾಟಿದುದು ತೀವ್ರ ಮಾಲಿನ್ಯದ ಪ್ರದೇಶವೆಂಬ ಲೆಕ್ಕ. ಅಂಕ ಹೆಚ್ಚಿದಷ್ಟೂ ಅಪಕೀರ್ತಿ ಹೆಚ್ಚುವ ಪರೀಕ್ಷೆ ಅದು.

೨೦೨೩ರ ಡಿಸೆಂಬರ್ ೨೬ರ ರಾತ್ರಿ ಎಣ್ಣೂರಿನಲ್ಲಿ ಕಡಲೊಳಗಿನ ಕೊಳವೆಯಿಂದ ಅಮೋನಿಯಾ ಸೋರಿ, ಜನರು ಕೆಮ್ಮುತ್ತ ಕಣ್ಣುಜ್ಜುತ್ತ ಮನೆಗಳನ್ನು ಬಿಟ್ಟು ಓಡಿದರು. ಮರುದಿನ ಅದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ದಿನನಿತ್ಯದ ಹೊಗೆಯು ಯಾರನ್ನೂ ಓಡಿಸುವುದಿಲ್ಲವಾದುದರಿಂದ ಸುದ್ದಿಯಾಗುವುದಿಲ್ಲ. ಅದನ್ನು ಕುರಿತು ನಮಗೆ ದೊರೆಯುವುದು ಒಂದು ಅಂಕಿ ಮಾತ್ರ: ಒಂದು ಘನ ಮೀಟರ್ ಗಾಳಿಯಲ್ಲಿ ಇಷ್ಟು ಮೈಕ್ರೊಗ್ರಾಂ ಸೂಕ್ಷ್ಮ ಧೂಳು ಎಂದು.

ಈ ಅಂಕಿಯು ಹುಟ್ಟುವ ಬಗೆಯನ್ನು ತಿಳಿದಲ್ಲದೆ ಅದರ ಬೆಲೆಯೂ ಅದರ ಕೊರತೆಯೂ ತಿಳಿಯವು. ಎರಡೂವರೆ ಮೈಕ್ರಾನಿಗಿಂತ ಸಣ್ಣವಾದ ಕಣಗಳನ್ನು ಹಿಡಿಯುವ ಯಂತ್ರವು ಗಂಟೆಗೆ ಸುಮಾರು ಒಂದು ಘನ ಮೀಟರ್ ಗಾಳಿಯನ್ನು ಎಳೆದು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಶೋಧಕ ಹಾಳೆಯ ಮೂಲಕ ಹಾಯಿಸುವುದು. ಇಪ್ಪತ್ತನಾಲ್ಕು ಗಂಟೆಗಳಾದ ಮೇಲೆ ಹಾಳೆಯನ್ನು ತೆಗೆದು, ತೇವವೂ ಉಷ್ಣತೆಯೂ ನಿಯತವಾಗಿರುವ ಕೋಣೆಯಲ್ಲಿಟ್ಟು, ಅತಿ ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ, ಮೊದಲಿನ ತೂಕವನ್ನು ಕಳೆಯುವರು. ನಮ್ಮ ದೇಶದ ಕಟ್ಟಳೆಯ ಮೇರೆಯಾದ ೬೦ ಮೈಕ್ರೊಗ್ರಾಮಿನಷ್ಟು ಧೂಳು ದಿನವಿಡೀ ಇದ್ದಿತೆಂದರೆ ಆ ಹಾಳೆಯ ಮೇಲೆ ಸೇರುವುದು ಒಂದೂವರೆ ಮಿಲಿಗ್ರಾಮಿಗೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಈ ಮೇರೆಯನ್ನು ದಿನಕ್ಕೆ ೧೫ಕ್ಕೂ ವರ್ಷದ ಸರಾಸರಿಯಲ್ಲಿ ೫ಕ್ಕೂ ಇಳಿಸಿತು. ನಮ್ಮ ವಾರ್ಷಿಕ ಮೇರೆ ಇನ್ನೂ ೪೦ರಲ್ಲಿಯೇ ನಿಂತಿದೆ.

ತೂಕವು ಸತ್ಯವೇ ಅಹುದು, ಆದರೆ ಅರ್ಧಸತ್ಯ. ತಿರುವೊಟ್ಟಿಯೂರಿನಂತಹ ಕಡಲ ತಡಿಯ ಊರಿನಲ್ಲಿ ಹಾಳೆಯ ಮೇಲೆ ಕೂರುವ ಕಣಗಳಲ್ಲಿ ಒಂದು ಪಾಲು ತೆರೆಗಳು ಎರಚಿದ ಉಪ್ಪು. ಇನ್ನೊಂದು ಪಾಲು ರಸ್ತೆಯ ಮಣ್ಣು. ಮತ್ತೊಂದು ಪಾಲು ಡೀಸೆಲ್ ಮಸಿ, ಕಲ್ಲಿದ್ದಲಿನ ಹಾರುಬೂದಿ, ಹಡಗುಗಳ ಮಂದ ತೈಲದಿಂದ ಬಂದ ವೆನೇಡಿಯಮ್ ಮತ್ತು ನಿಕ್ಕಲ್. ತಕ್ಕಡಿಗೆ ಇವೆಲ್ಲವೂ ಒಂದೇ. ಉಸಿರಿನೊಡನೆ ಒಳಸೇರಿದ ಉಪ್ಪಿನ ಕಣವು ಶ್ವಾಸಕೋಶದ ತೇವದಲ್ಲಿ ಕರಗಿ ನಿರುಪದ್ರವಿಯಾಗಿ ಅಡಗಿಹೋದರೆ, ಅಷ್ಟೇ ತೂಕದ ಮಸಿಯ ಕಣವು ತನ್ನ ಮೈಗೆ ಅಂಟಿಸಿಕೊಂಡು ತಂದ ನೂರಾರು ಸಾವಯವ ದ್ರವ್ಯಗಳನ್ನು ಅಲ್ಲಿ ಬಿಡಿಸಿ ಹಾಕುವುದು. ೨೦೦೯ರ ರಾಷ್ಟ್ರೀಯ ಕಟ್ಟಳೆಯು ಹನ್ನೆರಡು ಮಾಲಿನ್ಯಗಳನ್ನು ಹೆಸರಿಸಿ, ಬೆಂಜೊಪೈರೀನಿಗೆ ಒಂದು ನ್ಯಾನೊಗ್ರಾಂ, ನಿಕ್ಕಲಿಗೆ ಇಪ್ಪತ್ತು ಎಂದು ಮುಂತಾಗಿ ಮೇರೆಗಳನ್ನು ಗೊತ್ತುಪಡಿಸಿ ಈ ಕೊರತೆಯನ್ನು ಕೊಂಚಮಟ್ಟಿಗೆ ತುಂಬಿಕೊಟ್ಟಿತು. ಆದರೂ ಹನ್ನೆರಡು ಹೆಸರುಗಳ ಪಟ್ಟಿಯು ಹೇಳುವುದು ಗಾಳಿಯಲ್ಲಿ ಏನಿದೆಯೆಂಬುದನ್ನೇ ಹೊರತು, ಇದ್ದುದು ಒಳಗೆ ಹೋಗಿ ಏನು ಮಾಡುವುದೆಂಬುದನ್ನಲ್ಲ. ಆ ಎರಡನೆಯ ಪ್ರಶ್ನೆಗೆ ಒಂದು ಉತ್ತರವು ನಮ್ಮ ಜೀವಕೋಶಗಳಲ್ಲಿರುವ ಕೆಲವು ಕಿಣ್ವಗಳಿಂದ ದೊರೆಯಬಲ್ಲುದು.

ಆಮ್ಲಜನಕವನ್ನು ಪ್ರಾಣವಾಯುವೆಂದು ಕರೆದವರು ಅದರ ಇನ್ನೊಂದು ಮುಖವನ್ನು ಕಂಡವರಲ್ಲ. ಜೀವಕೋಶವು ಅದನ್ನು ಬಳಸುವಾಗ ಅದರ ಅಣುವಿಗೆ ಒಂದು ಹೆಚ್ಚಿನ ಎಲೆಕ್ಟ್ರಾನು ಸೇರಿ ಸೂಪರಾಕ್ಸೈಡ್ ಎಂಬ ಚಂಚಲ ರೂಪವು ಅಷ್ಟಿಷ್ಟು ಹುಟ್ಟುತ್ತಲೇ ಇರುವುದು. ೧೯೩೮ರಲ್ಲಿ ಮ್ಯಾನ್ ಮತ್ತು ಕೈಲಿನ್ ಎಂಬ ವಿಜ್ಞಾನಿಗಳು ದನದ ರಕ್ತದಿಂದ ತಾಮ್ರವನ್ನೊಳಗೊಂಡ ಒಂದು ಪ್ರೋಟೀನನ್ನು ಬೇರ್ಪಡಿಸಿದ್ದರು. ಅದರ ಕೆಲಸವೇನೆಂದು ಮೂವತ್ತು ವರ್ಷ ಯಾರಿಗೂ ಹೊಳೆಯಲಿಲ್ಲ. ಮಣಲಿಯಲ್ಲಿ ಶುದ್ಧೀಕರಣಾಗಾರವು ಆರಂಭವಾದ ೧೯೬೯ರಲ್ಲಿಯೇ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಜೋ ಮೆಕಾರ್ಡ್ ಎಂಬ ವಿದ್ಯಾರ್ಥಿಯೂ ಆತನ ಗುರುವಾದ ಅರ್ವಿನ್ ಫ್ರಿಡೊವಿಚ್ಚರೂ, ಸೂಪರಾಕ್ಸೈಡನ್ನು ಹಿಡಿದು ಹೈಡ್ರೊಜನ್ ಪೆರಾಕ್ಸೈಡಾಗಿ ಮಾರ್ಪಡಿಸುವುದೇ ಆ ಪ್ರೋಟೀನಿನ ಕೆಲಸವೆಂದು ತೋರಿಸಿ ಅದಕ್ಕೆ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂದು ಹೆಸರಿಟ್ಟರು. ಹೀಗೆ ಹುಟ್ಟಿದ ಪೆರಾಕ್ಸೈಡೂ ಸಾಧುವಲ್ಲ. ಅದನ್ನು ನೀರಾಗಿಸಲು ಕೆಟಲೇಸ್ ಎಂಬ ಕಬ್ಬಿಣಯುಕ್ತವಾದ ಕಿಣ್ವವೂ, ೧೯೫೭ರಲ್ಲಿ ಮಿಲ್ಸ್ ಗುರುತಿಸಿದ ಗ್ಲುಟಾಥಯೋನ್ ಪೆರಾಕ್ಸಿಡೇಸೂ ಇವೆ. ಈ ಕೊನೆಯದರ ಹೃದಯದಲ್ಲಿ ಸೆಲೆನಿಯಮ್ ಇದೆಯೆಂಬುದು ೧೯೭೩ರಲ್ಲಿ ತಿಳಿಯಿತು.

ಈ ಕಿಣ್ವಗಳ ಪರಸ್ಪರಾವಲಂಬನವೇ ನನಗೆ ಇಡೀ ವಿಷಯದಲ್ಲಿ ಅತ್ಯಂತ ಮನೋಹರವಾಗಿಯೂ ಅಷ್ಟೇ ಭಯಂಕರವಾಗಿಯೂ ತೋರುವ ಭಾಗ. ಸೂಪರಾಕ್ಸೈಡ್ ಹೆಚ್ಚಿದರೆ ಅದು ಕೆಟಲೇಸನ್ನು ಕುಂಠಿತಗೊಳಿಸುವುದೆಂದು ೧೯೮೨ರಲ್ಲಿಯೂ, ಗ್ಲುಟಾಥಯೋನ್ ಪೆರಾಕ್ಸಿಡೇಸನ್ನು ನಿಷ್ಕ್ರಿಯಗೊಳಿಸುವುದೆಂದು ೧೯೮೫ರಲ್ಲಿಯೂ ಫ್ರಿಡೊವಿಚ್ಚರ ಪ್ರಯೋಗಶಾಲೆಯೇ ತೋರಿಸಿತು. ಅದಕ್ಕೂ ಮುಂಚೆ, ಪೆರಾಕ್ಸೈಡ್ ಹೆಚ್ಚಿದರೆ ಅದು ತಾಮ್ರದ ಡಿಸ್ಮ್ಯುಟೇಸನ್ನೇ ಕೆಡಿಸುವುದೆಂದು ೧೯೭೫ರಲ್ಲಿ ಅಲ್ಲಿಯೇ ಕಂಡುಬಂದಿತ್ತು. ಎಂದರೆ ಒಂದನೆಯದು ಎರಡನೆಯದನ್ನೂ ಎರಡನೆಯದು ಒಂದನೆಯದನ್ನೂ ಕಾಯುತ್ತಿರುವುದರಿಂದ, ಇವುಗಳಲ್ಲಿ ಯಾವುದೊಂದು ಸೋತರೂ ಉಳಿದುವು ತಮ್ಮ ಬಲದಲ್ಲಿಯೇ ನಿಲ್ಲಲಾರವು.

ದಹನದ ಹೊಗೆಯು ಈ ವ್ಯವಸ್ಥೆಯ ಮೇಲೆ ಎರಗುವ ಮಾರ್ಗಗಳು ಹಲವು. ಎಣ್ಣೆಯಾಗಲಿ ಕಲ್ಲಿದ್ದಲಾಗಲಿ ಸೌದೆಯಾಗಲಿ ಅರೆಬರೆ ಉರಿದಾಗ ಹುಟ್ಟುವ ಬಹುವಲಯ ಹೈಡ್ರೊಕಾರ್ಬನ್ನುಗಳು ಗಾಳಿಯಲ್ಲಿಯೂ ದೇಹದಲ್ಲಿಯೂ ಕ್ವಿನೋನುಗಳೆಂಬ ರೂಪವನ್ನು ತಾಳುವುವು. ಒಂದು ಕ್ವಿನೋನು ಜೀವಕೋಶದಿಂದ ಎಲೆಕ್ಟ್ರಾನನ್ನು ಪಡೆದು ಆಮ್ಲಜನಕಕ್ಕೆ ಒಪ್ಪಿಸಿ, ತಾನು ಮೊದಲಿನಂತೆಯೇ ಆಗಿ, ಮತ್ತೆ ಅದೇ ಕೆಲಸಕ್ಕೆ ತೊಡಗುವುದರಿಂದ, ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸೂಪರಾಕ್ಸೈಡಿನ ಧಾರೆಯನ್ನೇ ಹರಿಸಬಲ್ಲುದು. ಅಕ್ರೊಲೀನಿನಂತಹ ಘಾಟು ದ್ರವ್ಯಗಳು ಪ್ರೋಟೀನುಗಳ ಗಂಧಕಯುಕ್ತ ಭಾಗಗಳಿಗೆ ನೇರವಾಗಿ ಅಂಟಿಕೊಂಡು ಅವುಗಳನ್ನು ಕಟ್ಟಿಹಾಕುವುವು. ಹಾರುಬೂದಿಯ ಕಬ್ಬಿಣವು ಪೆರಾಕ್ಸೈಡನ್ನು ಒಡೆದು, ಯಾವ ಕಿಣ್ವಕ್ಕೂ ಸಿಕ್ಕದ ಹೈಡ್ರಾಕ್ಸಿಲ್ ರ್‍ಯಾಡಿಕಲ್ಲನ್ನು ಹುಟ್ಟಿಸುವುದು. ಜಪಾನಿನ ತ್ಸುಕುಬಾದಲ್ಲಿ ಮಸಾರು ಸಗಾಯ್ ಮತ್ತು ಅವರ ಸಹೋದ್ಯೋಗಿಗಳು ಡೀಸೆಲ್ ಕಣಗಳನ್ನು ಇಲಿಗಳ ಶ್ವಾಸನಾಳಕ್ಕೆ ಹಾಕಿ ೧೯೯೩ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಶ್ವಾಸಕೋಶದ ಡಿಸ್ಮ್ಯುಟೇಸೂ ಗ್ಲುಟಾಥಯೋನ್ ಪೆರಾಕ್ಸಿಡೇಸೂ ಗಣನೀಯವಾಗಿ ಕುಗ್ಗಿದ್ದುವು. ಡಿಸ್ಮ್ಯುಟೇಸನ್ನು ಬೇಗ ಕರಗಿಹೋಗದಂತೆ ಮಾರ್ಪಡಿಸಿ ಮುಂಚಿತವಾಗಿ ಕೊಟ್ಟ ಇಲಿಗಳಲ್ಲಿ ಸಾವುಗಳು ಕಡಿಮೆಯಾದುವು. ಹೊಗೆಯು ಕೊಲ್ಲುವ ದಾರಿಯಲ್ಲಿ ಸೂಪರಾಕ್ಸೈಡಿನ ಪಾತ್ರವಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ದೊರೆಯುವುದು ಕಷ್ಟ.

ಇನ್ನು ಅಳೆಯುವ ಮಾತು. ಕಿಣ್ವವು ಕಣ್ಣಿಗೆ ಕಾಣುವ ವಸ್ತುವಲ್ಲ. ಅದು ಮಾಡುವ ಕೆಲಸದಿಂದ, ಅಥವಾ ತಡೆಯುವ ಕೆಲಸದಿಂದ, ಅದರ ಇರವನ್ನು ಊಹಿಸಬೇಕು. ಪೈರೊಗ್ಯಾಲಾಲ್ ಎಂಬ ದ್ರವ್ಯವನ್ನು ತುಸು ಕ್ಷಾರೀಯವಾದ ನೀರಿನಲ್ಲಿ ಕರಗಿಸಿದರೆ ಅದು ಗಾಳಿಯ ಸಂಪರ್ಕದಿಂದ ತಾನಾಗಿಯೇ ಹಳದಿಗೂ ಕಂದಿಗೂ ತಿರುಗುತ್ತ ಹೋಗುವುದು, ಮತ್ತು ಆ ತಿರುಗುವಿಕೆಯಲ್ಲಿ ಸೂಪರಾಕ್ಸೈಡಿನ ಕೈವಾಡವಿರುವುದು. ಡಿಸ್ಮ್ಯುಟೇಸನ್ನು ಅದಕ್ಕೆ ಸೇರಿಸಿದರೆ ಬಣ್ಣ ಏರುವ ವೇಗ ಕುಗ್ಗುವುದು. ೪೨೦ ನ್ಯಾನೊಮೀಟರ್ ತರಂಗದ ಬೆಳಕನ್ನು ದ್ರವದ ಮೂಲಕ ಹಾಯಿಸಿ, ಎಷ್ಟು ಬೆಳಕು ಹೀರಿಹೋಯಿತೆಂಬುದನ್ನು ನಿಮಿಷ ನಿಮಿಷಕ್ಕೂ ಗುರುತಿಸಿಕೊಂಡು, ಆ ವೇಗವನ್ನು ಸರಿಯಾಗಿ ಅರ್ಧಕ್ಕೆ ಇಳಿಸುವಷ್ಟು ಕಿಣ್ವವನ್ನು ಒಂದು ಮಾನವೆಂದು ಎಣಿಸುವುದು ಮಾರ್ಕ್‌ಲುಂಡ್ ಎಂಬ ಇಬ್ಬರು ವಿಜ್ಞಾನಿಗಳು ೧೯೭೪ರಲ್ಲಿ ಕೊಟ್ಟ ಕ್ರಮ. ಕೆಟಲೇಸಿನ ಪರೀಕ್ಷೆ ಇನ್ನೂ ಸರಳ: ೨೪೦ ನ್ಯಾನೊಮೀಟರಿನಲ್ಲಿ ಪೆರಾಕ್ಸೈಡು ಕಣ್ಮರೆಯಾಗುವುದನ್ನು ನೇರವಾಗಿಯೇ ನೋಡಬಹುದು. ಪೆರಾಕ್ಸಿಡೇಸಿಗೆ ೩೪೦ ನ್ಯಾನೊಮೀಟರಿನಲ್ಲಿ ಪಕ್ಕದ ದ್ರವ್ಯವೊಂದು ವ್ಯಯವಾಗುವುದನ್ನು ಕಾದು ನೋಡುವರು. ಇವಕ್ಕೆಲ್ಲ ಬೇಕಾದ ಸ್ಪೆಕ್ಟ್ರೋಫೋಟೋಮೀಟರು ಜೀವರಸಾಯನವನ್ನು ಕಲಿಸುವ ಯಾವ ಕಾಲೇಜಿಗೂ ದುರ್ಲಭವಾದ ಉಪಕರಣವಲ್ಲ.

ಹೊಗೆಯ ಕಸುವನ್ನು ಪರೀಕ್ಷಿಸಬೇಕಾದರೆ, ತೂಕವಾದ ಶೋಧಕ ಹಾಳೆಯನ್ನು ಕತ್ತರಿಸಿ, ನೀರಿನಲ್ಲಿಯೋ ಮೆಥನಾಲಿನಲ್ಲಿಯೋ ಅಲುಗಾಡಿಸಿ ಅದರ ಸಾರವನ್ನು ತೆಗೆದು, ಶುದ್ಧವಾದ ಕಿಣ್ವದೊಡನೆ ಬೆರೆಸಿ ದೇಹದ ಉಷ್ಣತೆಯಲ್ಲಿ ಕೆಲಹೊತ್ತು ಇರಿಸಿ, ಆಮೇಲೆ ಕಿಣ್ವದಲ್ಲಿ ಉಳಿದಿರುವ ಕಸುವನ್ನು ಅಳೆಯುವುದು. ಹಾರ್ವರ್ಡಿನ ಸಂಶೋಧಕರು ೨೦೦೬ರಲ್ಲಿ ಪ್ರಕಟಿಸಿದ ಇಂತಹ ಪ್ರಯೋಗದಲ್ಲಿ ನಗರದ ಗಾಳಿಯ ಕಣಗಳು ಈ ಕಿಣ್ವಗಳನ್ನು ನೇರವಾಗಿಯೇ ಕುಗ್ಗಿಸಬಲ್ಲುವೆಂದು ಕಂಡುಬಂದಿತು.

ಹೇಳುವಾಗ ಇದು ಸುಲಭವೆನಿಸುವುದು. ಮಾಡುವಾಗ ಹೆಜ್ಜೆಹೆಜ್ಜೆಗೂ ಮೋಸವಿದೆ. ಮಸಿಯ ಸಾರವು ತಾನೇ ಹಳದಿ ಬಣ್ಣದ್ದು. ೪೨೦ರ ಬೆಳಕನ್ನು ತಾನೂ ಹೀರುವುದು. ಅದರೊಳಗಿನ ಕ್ವಿನೋನುಗಳು ತಾವೇ ಸೂಪರಾಕ್ಸೈಡನ್ನು ಹುಟ್ಟಿಸುವುವು. ಅದರೊಳಗಿನ ಲೋಹಗಳು ಪೈರೊಗ್ಯಾಲಾಲಿನ ಬಣ್ಣವನ್ನು ತಾವೇ ಬೇಗ ಏರಿಸುವುವು. ಈ ಮೂರರಿಂದಲೂ ಬಣ್ಣವು ಹೆಚ್ಚುವುದರಿಂದ, ಕಿಣ್ವಕ್ಕೆ ಏನೂ ಆಗದಿದ್ದರೂ ಅದು ಸತ್ತಂತೆಯೇ ಅಂಕಿಗಳು ತೋರಿಯಾವು. ಆದುದರಿಂದ ಕಿಣ್ವವಿಲ್ಲದ ಸಾರ, ಸಾರವಿಲ್ಲದ ಕಿಣ್ವ, ಗಾಳಿಯನ್ನೇ ಕಾಣದ ಹೊಸ ಹಾಳೆಯ ಸಾರ, ಈ ಮೂರನ್ನೂ ಪಕ್ಕದಲ್ಲಿಟ್ಟು ಅಳೆಯದೆ ಬಂದ ಯಾವ ಫಲಿತಾಂಶವನ್ನೂ ನಂಬತಕ್ಕದ್ದಲ್ಲ. ಲೋಹಗಳ ಉಪಟಳವನ್ನು ಅಡಗಿಸಲು ಅವುಗಳನ್ನು ಹಿಡಿದಿಡುವ ದ್ರವ್ಯವೊಂದನ್ನು ಬೆರೆಸುವ ವಾಡಿಕೆಯಿದೆ. ಆದರೆ ಅದನ್ನು ಕಿಣ್ವವೂ ಹೊಗೆಯ ಸಾರವೂ ಒಟ್ಟಿಗಿರುವ ಮೊದಲ ಘಟ್ಟದಲ್ಲಿಯೇ ಬೆರೆಸಿದರೆ ಹೊಗೆಯ ಒಂದು ಮುಖ್ಯ ಆಯುಧವನ್ನೇ ಕಸಿದುಕೊಂಡಂತಾಗಿ, ಹೊಗೆಯು ಸಾಧುವೆಂದು ಸಾಬೀತಾಗುವುದು. ಯಾವ ಘಟ್ಟದಲ್ಲಿ ಬೆರೆಸಿದರೆಂಬ ಒಂದು ಸಾಲಿನ ವಿವರದ ಮೇಲೆ ಇಡೀ ತೀರ್ಪು ನಿಂತಿರುವುದುಂಟು. ಕೊನೆಗೆ, ಸಾರವನ್ನು ಸೋಸಿ ತೆಗೆದ ಮೇಲೆ ಕಿಣ್ವವು ಚೇತರಿಸಿಕೊಂಡಿತೋ ಇಲ್ಲವೋ ನೋಡಬೇಕು. ಚೇತರಿಸಿಕೊಂಡರೆ ಅದು ತಾತ್ಕಾಲಿಕವಾದ ತಡೆ, ಇಲ್ಲವಾದರೆ ಶಾಶ್ವತವಾದ ಹಾನಿ.

ಪರೀಕ್ಷೆಯ ಗಾಜಿನ ಕೊಳವೆಯನ್ನು ಬಿಟ್ಟು ಮನುಷ್ಯರ ರಕ್ತಕ್ಕೆ ಬಂದರೆ ತೊಡಕು ಬೇರೊಂದು ಬಗೆಯದು. ಕೊಯ್ಲಿಗೆ ಬಂದ ಆಳುಗಳ ಎಣಿಕೆ ಬೇರೆ, ಸಂಜೆಗೆ ಮೆದೆಯೇರಿದ ಹೊರೆಗಳ ಎಣಿಕೆ ಬೇರೆ. ಹೊರೆ ಕಡಿಮೆಯಾದುದನ್ನು ಕಂಡೊಡನೆ ಆಳುಗಳು ಬರಲಿಲ್ಲವೆಂದು ಹೇಳಲಾಗದು, ಬಂದವರ ಕುಡುಗೋಲು ಮೊಂಡಾಗಿದ್ದಿರಬಹುದು. ಬೆಳಕಿನ ಪರೀಕ್ಷೆಯು ಅಳೆಯುವುದು ಹೊರೆಗಳನ್ನು, ಎಂದರೆ ಕಸುವನ್ನು. ಕಿಣ್ವದ ಅಣುಗಳು ಎಷ್ಟಿವೆಯೆಂದು ತಿಳಿಯಲು ಪ್ರತಿಕಾಯಗಳಿಂದ ಅವನ್ನು ಗುರುತಿಸುವ ಬೇರೆ ಪರೀಕ್ಷೆಯನ್ನು ಜೊತೆಯಲ್ಲಿಯೇ ಮಾಡಬೇಕು. ಇವೆರಡನ್ನೂ ಮಾಡದವರು ಬೇಗ ದಾರಿ ತಪ್ಪುವರು, ಏಕೆಂದರೆ ಹೊಗೆಯ ಮೊದಲ ಪೆಟ್ಟಿಗೆ ದೇಹವು ಕೊಡುವ ಉತ್ತರವು ಕಿಣ್ವಗಳನ್ನು ಹೆಚ್ಚಿಸುವುದೇ ಆಗಿದೆ. ಎನ್ಆರ್‌ಎಫ್-೨ ಎಂಬ ನಿಯಾಮಕ ಪ್ರೋಟೀನು ಕ್ವಿನೋನಿನ ಸುಳಿವು ಸಿಕ್ಕೊಡನೆ ಜೀವಕೋಶದ ಕೇಂದ್ರವನ್ನು ಹೊಕ್ಕು ರಕ್ಷಕ ಕಿಣ್ವಗಳ ಜೀನುಗಳನ್ನು ಎಬ್ಬಿಸುವುದೆಂದು ೧೯೯೭ರಿಂದೀಚೆಗೆ ಜಪಾನಿನ ಯಮಮೊಟೊ ಮತ್ತು ಅವರ ಸಂಗಡಿಗರು ತಿಳಿಸಿಕೊಟ್ಟರು. ಮಿತವಾದ ಹೊಗೆಯಲ್ಲಿ ಬಾಳುವವನ ರಕ್ತದಲ್ಲಿ ಕಿಣ್ವವು ಹೆಚ್ಚಿರಬಹುದು, ದೀರ್ಘಕಾಲ ತೀವ್ರವಾದ ಹೊಗೆಯಲ್ಲಿ ಬಾಳಿದವನಲ್ಲಿ ಕಡಿಮೆಯಾಗಿರಬಹುದು, ಇವೆರಡರ ನಡುವೆ ಎಲ್ಲಿಯೋ ಒಬ್ಬನಲ್ಲಿ ಆರೋಗ್ಯವಂತನಷ್ಟೇ ಇರಲೂಬಹುದು. ಸಹಜವಾದ ಅಂಕಿಯೊಂದನ್ನು ಕಂಡು ಕ್ಷೇಮವೆಂದು ಸಾರುವವನು ಇಲ್ಲಿ ಅತ್ಯಂತ ಅಪಾಯಕಾರಿಯಾದ ಪರೀಕ್ಷಕ.

ಆದರೂ ಎಚ್ಚರದಿಂದ ನಡೆಸಿದ ಅಧ್ಯಯನಗಳು ನಮ್ಮ ದೇಶದಲ್ಲಿಯೇ ಉಂಟು. ಕೋಲ್ಕತ್ತದ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು, ಸೌದೆ ಬೆರಣಿಗಳಿಂದ ಅಡುಗೆ ಮಾಡುವ ಬಂಗಾಳದ ಹಳ್ಳಿಯ ಹೆಂಗಸರನ್ನು ಗ್ಯಾಸಿನ ಒಲೆಯವರೊಡನೆ ಹೋಲಿಸಿ, ಮೊದಲಿನವರ ರಕ್ತದಲ್ಲಿ ಡಿಸ್ಮ್ಯುಟೇಸು ತಗ್ಗಿ ಉತ್ಕರ್ಷಕ ದ್ರವ್ಯಗಳು ಏರಿರುವುದನ್ನು ಕಂಡರು. ಚೆನ್ನೈನ ಪೋರೂರಿನಲ್ಲಿರುವ ಶ್ರೀ ರಾಮಚಂದ್ರ ಸಂಸ್ಥೆಯ ಕಲ್ಪನಾ ಬಾಲಕೃಷ್ಣನ್ ಮತ್ತು ಸಂಗಡಿಗರು ತಮಿಳುನಾಡಿನ ಗರ್ಭಿಣಿಯರನ್ನು ಅನುಸರಿಸಿ ನಡೆಸಿದ, ೨೦೧೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೂಕ್ಷ್ಮ ಧೂಳು ಹತ್ತು ಮೈಕ್ರೊಗ್ರಾಂ ಹೆಚ್ಚಿದರೆ ಶಿಶುವಿನ ಜನನದ ತೂಕವು ಸುಮಾರು ನಾಲ್ಕು ಗ್ರಾಂ ಕಡಿಮೆಯಾಗುವ ಸಂಬಂಧವು ತೋರಿತು. ನಾಲ್ಕು ಗ್ರಾಂ ಅಲ್ಪವೆಂದು ಓದುಗರು ನಗಬಹುದು. ಅದು ಒಂದು ಮಗುವಿನ ಲೆಕ್ಕವಲ್ಲ, ಒಂದು ಪೀಳಿಗೆಯ ಸರಾಸರಿ. ಹೊಗೆಯಿಂದ ಶಿಶುವಿನವರೆಗಿನ ಈ ದೂರದ ನಡುವಣ ಸಂಕೋಲೆಯಲ್ಲಿ ಕಿಣ್ವದ ಕೊಂಡಿಯೂ ಒಂದಾಗಿರಬಹುದು, ಆದರೆ ಅದೊಂದೇ ಅಲ್ಲ. ಕಿಣ್ವಗಳಲ್ಲದೆ ದೇಹಕ್ಕೆ ಬೇರೆ ಕವಚವೂ ಉಂಟು: ಶ್ವಾಸಕೋಶದ ಒಳಮೈಯನ್ನು ಹೊದೆದಿರುವ ತೆಳುವಾದ ದ್ರವದಲ್ಲಿ ಗ್ಲುಟಾಥಯೋನೆಂಬ ರಕ್ಷಕ ದ್ರವ್ಯವು ರಕ್ತದ ಪ್ಲಾಸ್ಮಾದಲ್ಲಿರುವುದಕ್ಕಿಂತ ನೂರು ಪಾಲಿಗೂ ಮಿಗಿಲಾಗಿದೆಯೆಂದು ೧೯೮೭ರಲ್ಲಿಯೇ ಅಳೆದಿದ್ದಾರೆ. ಕೊಳವೆಯಲ್ಲಿ ಬೆತ್ತಲೆಯಾಗಿ ನಿಂತ ಕಿಣ್ವಕ್ಕೆ ಅಂತಹ ಕವಚವಿಲ್ಲ. ಕೊಳವೆಯ ಪರೀಕ್ಷೆಯು ಹೊಗೆಯ ಶಕ್ತಿಯನ್ನು ಹೇಳುವುದು, ರೋಗವನ್ನು ಹೇಳುವುದಿಲ್ಲ.

ಅಷ್ಟಾದರೂ ಹೇಳಲಿ ಎಂಬುದೇ ನನ್ನ ವಾದ. ಹಾಳೆಯ ಬದಲು ಮರದ ಎಲೆಯನ್ನೇ ಪರೀಕ್ಷಿಸಬಾರದೇಕೆಂದು ಕೇಳುವವರಿರಬಹುದು. ತಿರುವೊಟ್ಟಿಯೂರಿನ ಶಿವಾಲಯದ ಸ್ಥಳವೃಕ್ಷವು ಬಕುಳ, ನಮ್ಮ ಕಡೆಯ ರೆಂಜೆ. ಅದರ ಕೆಳಗೆ ಶಿವಭಕ್ತನಾದ ಸುಂದರಮೂರ್ತಿಯು ತನ್ನ ಮಡದಿ ಸಂಗಿಲಿಗೆ ಆಣೆಯಿಟ್ಟನೆಂದು ಪುರಾಣ. ಎದ್ದು ಹೋಗಲಾರದ ಅಂತಹ ಮರಗಳ ಎಲೆಗಳಲ್ಲಿಯೂ ಇವೇ ಕಿಣ್ವಗಳಿವೆ, ಅವನ್ನೂ ಅಳೆಯಬಹುದು. ಆದರೆ ಬಿಸಿಲೂ ಉಪ್ಪೂ ನೀರಿನ ಅಭಾವವೂ ಅವನ್ನು ಏರಿಳಿಸುವುದರಿಂದ, ಎಲೆಯ ಸಾಕ್ಷ್ಯಕ್ಕಿಂತ ಹಾಳೆಯ ಸಾಕ್ಷ್ಯವನ್ನೇ ನಾನು ನಂಬುವೆನು. ಯುರೋಪಿನ ಒಕ್ಕೂಟವು ೨೦೨೪ರ ತನ್ನ ವಾಯು ನಿರ್ದೇಶನದಲ್ಲಿ ಕಣಗಳ ಉತ್ಕರ್ಷಣ ಸಾಮರ್ಥ್ಯವೆಂಬ ಅಳತೆಗೆ ಸ್ಥಾನ ಕೊಟ್ಟಿತು. ಅದು ಕಿಣ್ವದ ಪರೀಕ್ಷೆಯೇ ಅಲ್ಲವಾದರೂ ಅದರ ದಾಯಾದಿ. ತಕ್ಕಡಿಯೊಂದೇ ಸಾಲದೆಂಬ ಒಪ್ಪಿಗೆಯಂತೂ ಅದರಲ್ಲಿದೆ.

ತಮಿಳುನಾಡಿನ ಮಂಡಳಿಯಾಗಲಿ, ಶಕ್ತಿನಗರದ ಮತ್ತು ಎಲ್ಲೂರಿನ ಕಲ್ಲಿದ್ದಲ ಒಲೆಗಳ ನೆರೆಯಲ್ಲಿ ಗಾಳಿಯನ್ನು ಅಳೆಸುವ ನಮ್ಮ ಕರ್ನಾಟಕದ ಮಂಡಳಿಯಾಗಲಿ, ಹೊಸ ಯಂತ್ರಗಳಿಗೆ ಹಣವನ್ನು ಹುಡುಕುವ ಮುನ್ನ, ತೂಕವಾದ ಶೋಧಕ ಹಾಳೆಗಳಲ್ಲಿ ಒಂದೊಂದರ ಅರ್ಧವನ್ನು ಕತ್ತರಿಸಿ, ದಿನಾಂಕವನ್ನೂ ಗಾಳಿಯ ದಿಕ್ಕನ್ನೂ ಬರೆದು, ಶೈತ್ಯಪೆಟ್ಟಿಗೆಯಲ್ಲಿ ಕಾದಿಡುವಂತೆ ಆಜ್ಞೆ ಮಾಡಲಿ. ಹತ್ತಿರದ ಕಾಲೇಜುಗಳ ಜೀವರಸಾಯನದ ಅಧ್ಯಾಪಕರು ಆ ಅರ್ಧವನ್ನು ಕೇಳಿ ಪಡೆಯಲಿ. ಪಡೆದವರು ಕಿಣ್ವವಿಲ್ಲದ ಸಾರವನ್ನೂ ಸಾರವಿಲ್ಲದ ಕಿಣ್ವವನ್ನೂ ಗಾಳಿ ಕಾಣದ ಹಾಳೆಯನ್ನೂ ಮರೆಯದೆ ಪಕ್ಕದಲ್ಲಿಟ್ಟು ಅಳೆದು, ಬಂದ ಅಂಕಿಯು ತಮ್ಮ ನಿರೀಕ್ಷೆಗೆ ವಿರುದ್ಧವಾಗಿದ್ದರೂ ಹಾಗೆಯೇ ಪ್ರಕಟಿಸಲಿ.